ಇಸಿಡೋರ್ ಮನೆಗೆ ಹೋದನೆಂಬ ಮಾತು

ಸರೋವರದ ದಂಡೆ, ಉತ್ತರ ಸಸ್ಕ್ಯಾಚವಾನ್
೧೫ ಅಕ್ಟೋಬರ್ ೨೦೧೯, ಮಂಗಳವಾರ

ನನ್ನ ಪುಟ್ಟ ತಂಗಿ ರೊಸಾಲಿಗೆ,

ಮಂಡಿನೋವು ಹೇಗಿದೆ? ರೆಜೈನಾದ ಡಾಕ್ಟರು ಕೊಟ್ಟ ಮಾತ್ರೆಯ ಜೊತೆಗೆ ಕರಡಿ ಕೊಬ್ಬನ್ನೂ ತಿಕ್ಕಿಕೋ, ಅವರಿಗೆ ಹೇಳಬೇಡ. ಈ ವಿಷಯವನ್ನು ಫೋನಿನಲ್ಲೇ ತಿಳಿಸಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಚಳಿ, ಮೀನು ಎಂದು ಬೇರೆ ಮಾತಿಗೆ ಜಾರಿಬಿಡುತ್ತೇನೆ. ಅದಕ್ಕೇ ಕಾಗದ.

ಎರಡು ವಾರದ ಹಿಂದೆ ಚರ್ಚಿನವರು ಬಂದಿದ್ದರು. ನಮ್ಮನ್ನೂ ನಮ್ಮಂಥ ಆದಿವಾಸಿ ಮಕ್ಕಳನ್ನೂ ಮನೆಯಿಂದ ಎತ್ತಿಕೊಂಡು ಹೋಗಿ ವಸತಿಶಾಲೆಗೆ ಹಾಕಿದರಲ್ಲ, ಅದೇ ಚರ್ಚು. ಬಂದವಳು ಗ್ವೆನ್ ಅಂತ, ಐವತ್ತರ ಹೆಂಗಸು, ಅಲ್ಲಿನ ಹಳೇ ಕಾಗದಪತ್ರ ನೋಡಿಕೊಳ್ಳುವವಳು. ಅವಳ ಕಾರು ನಿಲ್ಲುವ ಮೊದಲೇ ನನ್ನ ಮೈದುನ ಎಮಿಲ್ ಕಿಟಕಿಯಿಂದ ಕೂಗಿದ: "ಅತ್ತಿಗೇ, ಚರ್ಚಿನೋರು ಬಂದ್ರು! ಮೊದ್ಲು ಮಕ್ಕಳನ್ನ ಎಣಿಸ್ಕೋ, ಆಮೇಲೆ ಟೀಗಿಡು!"

ಅವಳು ಕೂತವಳೇ ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಹೊಗೆಸೊಪ್ಪು ಕೈಗೆತ್ತಿಕೊಂಡರೆ ಕೇಳಿದ್ದಕ್ಕೆ ಒಪ್ಪಿದ ಹಾಗೆ ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು. ಇದನ್ನು ಇವಳಿಗೆ ಕಲಿಸಿದವರು ಯಾರು? ಬಲೆ ಬಿಡುವವನೂ ಮೊದಲು ಮೀನಿನ ದಾರಿಯನ್ನೇ ಕಲಿಯುತ್ತಾನೆ. ನಾನು ಮುಟ್ಟಲಿಲ್ಲ.

"ಮುಂದಿನ ತಿಂಗಳು ಮೂರನೇ ಭಾನುವಾರ ಚರ್ಚಲ್ಲಿ ಕ್ಷಮೆ ಕೇಳ್ತೀವಿ. ನೀವು ಬಂದು ಆ ಶಾಲೇಲಿ ನಡೆದದ್ದನ್ನ ಹೇಳ್ಬೇಕು. ನಾವು ಕೂತು ಕೇಳ್ತೀವಿ," ಎಂದಳು.

"ಅಷ್ಟು ವರ್ಷ ನಮ್ಮನ್ನ ಕೂರಿಸ್ಕೊಂಡು ನೀವೇ ಹೇಳಿದ್ರಿ. ಈಗ ಕಿವಿ ಎಲ್ಲಿಂದ ಬಂತಮ್ಮ?"

ಅವಳ ಮುಖ ಕೆಂಪಾಯಿತು. ನಾನು ಗೆದ್ದವಳಂತೆ ಎದ್ದು ಒಲೆಯಿಂದ ರೊಟ್ಟಿಯ ಬಾಣಲೆ ಇಳಿಸಿ ತಂದೆ. ಮೇಜಿನ ಮೇಲೆ ಜಾಗವಿರಲಿಲ್ಲ. ಬಾಣಲೆ ಸುಡುತ್ತಿತ್ತು. ಎಡಗೈಯಲ್ಲಿ ಆ ಪೊಟ್ಟಣವನ್ನು ಎತ್ತಿ ಕಿಟಕಿಯ ಕಟ್ಟೆಗಿಟ್ಟೆ. ಇಟ್ಟ ಮೇಲೆ ನನ್ನ ಕೈಯನ್ನು ನಾನೇ ನೋಡಿಕೊಂಡೆ. ಗ್ವೆನ್‌ಗೆ ಏನೂ ತಿಳಿಯಲಿಲ್ಲ. ಎಮಿಲ್ ಮಾತ್ರ ನೋಡಿಬಿಟ್ಟಿದ್ದ. "ಮುಗೀತು ಅತ್ತಿಗೆ. ರೊಟ್ಟಿಯಿಂದ ಕೆಟ್ಟೆ ನೀನು," ಎಂದ ನಮ್ಮ ಭಾಷೆಯಲ್ಲಿ.

ಚರ್ಚಿಗೆ ಕೊಟ್ಟರೂ ಮಾತು ಮಾತೇ. ಆದರೆ ಬರಿಗೈಯಲ್ಲಿ ಹೋಗಲಾರೆ ಎಂದೆ. "ನಮ್ಮಣ್ಣ ಇಸಿಡೋರ್. ಆಗ ಹದಿಮೂರು ವರ್ಷ. ನಿಮ್ಮ ಪುಸ್ತಕದಲ್ಲಿ ಅವನ ಬಗ್ಗೆ ಏನಿದ್ಯೋ ತಗೊಂಬಾ. ಆಮೇಲೆ ನೋಡೋಣ."

ಪುಸ್ತಕ ಸುಟ್ಟುಹೋಯಿತು ಎಂದು ಹೇಳಿ ಕಳಿಸುತ್ತಾರೆ ಎಂದೇ ಲೆಕ್ಕ ಹಾಕಿದ್ದೆ. ನಿನ್ನೆ ಎರಡು ನಕಲು ಹಾಳೆ ಹಿಡಿದು ಬಂದಳು. ರೊಸಾಲಿ, ಇಲ್ಲಿಂದ ಮುಂದೆ ಕೂತು ಓದು. ನೀನು ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಮುದುಕರ ಮುಖಗಳಲ್ಲಿ ಅವನನ್ನು ಹುಡುಕುತ್ತೀಯೆಂದು ನನಗೆ ಗೊತ್ತು.

ಮೊದಲನೆಯದು ಶಾಲೆಯ ಹಾಜರಿ ಪುಸ್ತಕದ್ದು: "೧೯೫೭ ಫೆಬ್ರವರಿ ೧೯. ಇಸಿಡೋರ್. ಮನೆಗೆ ಕಳುಹಿಸಲಾಯಿತು." ಎರಡನೆಯದು ಶಾಲೆಯ ಬಡಗಿ ಬರೆದಿಟ್ಟ ದಿನಚರಿಯದು, ಮಾರನೆಯ ದಿನ: "ಹಲಗೆಯ ಪೆಟ್ಟಿಗೆ ಒಂದು. ಉದ್ದ ಐದು ಅಡಿ."

"ಆ ವಾರ ಬೇರೆ ಯಾರ ಹೆಸರನ್ನೂ ಪುಸ್ತಕದಿಂದ ಹೊಡೆದುಹಾಕಿಲ್ಲ. ಮೂರು ಸಲ ನೋಡ್ದೆ," ಎಂದಳು.

"ಈ ಎರಡನೇದನ್ನ ನಾನು ಕೇಳಿರ್ಲಿಲ್ವಲ್ಲ. ಯಾಕೆ ತಂದೆ?"

"ಒಂದನ್ನೇ ತಂದಿದ್ರೆ ನಾನೂ ಅದೇ ಸುಳ್ಳು ಹೇಳಿದ ಹಾಗಾಗ್ತಿತ್ತು."

ಒಳ್ಳೆಯ ಉತ್ತರ. ಆ ಶಾಲೆಯಲ್ಲೂ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಿದ್ದರು. ಹಾಳೆಗಳನ್ನು ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೆ. ಇಷ್ಟು ಕೊಟ್ಟವರು ಇನ್ನೆಷ್ಟು ಇಟ್ಟುಕೊಂಡಿದ್ದಾರೋ ಎಂದು ಈಗಲೂ ಅನ್ನಿಸುತ್ತಿದೆ. ಕೊನೆಗೆ, ನಾನು ಬಾಯಿ ತೆರೆಯುವ ಮೊದಲು ಪಾದ್ರಿ ಪೀಠದ ಮುಂದೆ ನಿಂತು ಈ ಎರಡನ್ನೂ ಓದಬೇಕು, ಶಾಲೆಯ ಹಿಂದಿನ ಬೇಲಿ ತೆಗೆಸಿ ಅಲ್ಲಿ ಹೂತ ಮಕ್ಕಳಿಗಾಗಿ ನೆಲ ಹುಡುಕಿಸುತ್ತೇವೆಂದು ಎಲ್ಲರೆದುರು ಹೇಳಬೇಕು ಎಂದೆ.

"ಅವರು ಒಪ್ಪೋದು ಕಷ್ಟ."

"ಹಾಗಾದ್ರೆ ನೀನು ಓದು."

ಅವಳ ಟೀ ಆರಿಹೋಯಿತು. "ಓದ್ತೀನಿ," ಎಂದಳು. "ಆಮೇಲೆ ನನ್ನನ್ನ ಅಲ್ಲಿ ಇಟ್ಕೊಳ್ಳಲ್ಲ."

"ಕೆಲ್ಸ ಹೋದ್ರೆ ಇಲ್ಲಿಗೆ ಬಾ," ಎಂದ ಎಮಿಲ್, "ಬಲೆಯಿಂದ ಮೀನು ಬಿಡಿಸೋದು ಕಲಿಸ್ತೀನಿ. ಬೆರಳು ಹೆಪ್ಪುಗಟ್ಟುತ್ತೆ, ಅಷ್ಟೇ."

ಅವಳು ನಕ್ಕಳು. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಪೂರ್ತಿ ನಂಬಿಲ್ಲ. ಹಾಳೆಗಳನ್ನು ಮಾತ್ರ ವಾಪಸು ಕೊಡಲಿಲ್ಲ.

ನೀನು ಆ ಭಾನುವಾರಕ್ಕೆ, ನವೆಂಬರ್ ಹದಿನೇಳಕ್ಕೆ, ಬರಬೇಕು. ಪ್ರಿನ್ಸ್ ಆಲ್ಬರ್ಟ್ ಪೇಟೆಯ ತನಕ ಬಂದುಬಿಡು, ಅಲ್ಲಿಂದ ಎಮಿಲ್ ಕರೆತರುತ್ತಾನೆ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ವರ್ಜಿನಿ

ಕಡೆಯದಾಗಿ: ಇದನ್ನು ಮೇಲೆ ಬರೆಯಲು ಮರೆತೆ ಎನ್ನಲು ಹೊರಟಿದ್ದೆ. ಮರೆತಿರಲಿಲ್ಲ. ಆ ಫೆಬ್ರವರಿಯಲ್ಲಿ ಬಟ್ಟೆ ಒಗೆಯುವ ಸರದಿ ನನ್ನದು. ಇಸಿಡೋರ್ ಮಲಗಿದ್ದ ಹಾಸಿಗೆಯ ಬಟ್ಟೆ ನನ್ನ ಕೈಗೆ ಬಂತು, ಅವನು ಕೆಮ್ಮಿದ ರಕ್ತದ ಸಮೇತ. ಕನ್ಯಾಸ್ತ್ರೀ ನನ್ನ ಗಲ್ಲ ಹಿಡಿದೆತ್ತಿ, "ಚಿಕ್ಕೋಳಿಗೆ ಅವನು ಮನೆಗೆ ಹೋದ ಅಂತ ಹೇಳು. ಇಲ್ಲಾಂದ್ರೆ ಅವಳನ್ನ ಬೇರೆ ಶಾಲೆಗೆ ಕಳಿಸ್ತೀವಿ," ಎಂದಳು. ಹೇಳಿದೆ. ಯಾರ ಹಿಮದ ಜಾರುಬಂಡಿಯಲ್ಲಿ ಹೋದ ಎಂದು ನೀನು ಕೇಳಿದೆ. ಅಪ್ಪನ ಬಂಡಿಯಲ್ಲಿ ಎಂದೆ. ನೀನು ಅಳು ನಿಲ್ಲಿಸಿದೆ. ಬೇಸಿಗೆಯ ರಜೆಗೆ ಮನೆಗೆ ಹೋದಾಗ, ಇಸಿಡೋರ್ ಎಲ್ಲಿ ಎಂದು ಅಪ್ಪ ಕೇಳಿದ್ದಕ್ಕೆ, ನೀವೇ ಬಂದು ಕರ್ಕೊಂಡು ಹೋದ್ರಲ್ಲ ಎಂದು ನೀನು ಹೇಳಿದೆ. ಅಪ್ಪ ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅರವತ್ತೆರಡು ವರ್ಷವೂ ಬಿಡಲಿಲ್ಲ. ಗ್ವೆನ್ 'ಮನೆಗೆ ಕಳುಹಿಸಲಾಯಿತು' ಎಂಬ ಆ ಸಾಲನ್ನು ಓದಿದಾಗ, ಇದನ್ನು ನನ್ನ ತಂಗಿಗೆ ಮೊದಲು ಹೇಳಿದವಳು ನಾನು ಎಂದು ಎದ್ದು ಹೇಳುತ್ತೇನೆ. ನನ್ನ ಪಕ್ಕ ಕೂರಲು ಮನಸ್ಸಾಗದಿದ್ದರೆ ಎಮಿಲ್ ಪಕ್ಕ ಕೂರು. ಆದರೆ ಬಾ.