ಒಬ್ಬ ಅಮ್ಮನಿಗೆ ಎರಡು ಸ್ಮರಣೆ

ಮಾರ್ಚ್ ೯, ಭಾನುವಾರ. ಎರಡನೇ ಆರಾಧನೆ ಮುಗಿದಿದೆ. ಸಂಡೆ ಸ್ಕೂಲ್ ಕೋಣೆಯ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತು ಬರೆಯುತ್ತಿದ್ದೇನೆ.

ಸಭಾಪಾಲಕರೇ,

ನಮ್ಮ ಅಮ್ಮ ಸತ್ತದ್ದು ಒಂದೇ ಸಲ. ಆದರೆ ಮುಂದಿನ ಭಾನುವಾರ ಅವಳ ವರ್ಷದ ಸ್ಮರಣೆಯ ಪ್ರಾರ್ಥನೆ ಎರಡು ಸಲ ನಡೆಯುವುದೆಂದು ನೀವು ಇಂದು ಪ್ರಕಟಿಸಿದಿರಿ: ಮೊದಲ ಆರಾಧನೆಯಲ್ಲಿ ಅಕ್ಕನಿಗಾಗಿ, ಎರಡನೆಯದರಲ್ಲಿ ನನಗಾಗಿ. ಇಷ್ಟು ಔದಾರ್ಯವನ್ನು ನಾವು ಕೇಳಿರಲಿಲ್ಲ.

ನಿಮ್ಮ ಪದ್ಧತಿ ಸಭೆಗೆಲ್ಲ ಗೊತ್ತಿರುವುದೇ. ಇಬ್ಬರಿಗೆ ಮನಸ್ತಾಪವಾದರೆ ಒಬ್ಬರು ಮೊದಲ ಆರಾಧನೆಗೆ, ಇನ್ನೊಬ್ಬರು ಎರಡನೆಯದಕ್ಕೆ. ನಲ್ಲಿ ರಿಪೇರಿಯವರನ್ನೂ ಅವರ ಭಾವಮೈದುನನನ್ನೂ ಹೀಗೆಯೇ ಬಿಡಿಸಿದಿರಿ. ಈಗ ಅವರು ಗೇಟಿನಲ್ಲಿ ಎದುರಾದರೆ ತಂತಮ್ಮ ಚಪ್ಪಲಿ ನೋಡಿಕೊಂಡು ಸಾಗುತ್ತಾರೆ. ಇದಕ್ಕೆ ನೀವಿಟ್ಟ ಹೆಸರು ಶಾಂತಿ. ನನ್ನ ಪಕ್ಕದಲ್ಲಿ ಕೂರುವ ದರ್ಜಿ ಮಾಮ ಮೊನ್ನೆ ಪಿಸುಗುಟ್ಟಿದರು: "ಇನ್ನೊಂದು ಜಗಳ ಆಗ್ಲಿ, ಮೂರನೇ ಆರಾಧನೆ ಶುರುವಾಗುತ್ತೆ. ಪಾಪ, ಅಯ್ಯನೋರಿಗೆ ಊಟಕ್ಕೂ ಪುರುಸೊತ್ತಿರಲ್ಲ."

ನಮ್ಮ ಜಗಳವೇನೆಂದು ನಿಮಗೆ ಮತ್ತೊಮ್ಮೆ ನೆನಪಿಸಿಬಿಡುತ್ತೇನೆ. ಅಕ್ಕ ಸಭೆಯ ಆರ್ಗನ್ ನುಡಿಸುವವಳು. ಅಮ್ಮನನ್ನು ಮಣ್ಣು ಮಾಡಿದ ದಿನ, ಅಮ್ಮನ ಮೆಚ್ಚಿನ ಕೀರ್ತನೆಯನ್ನು ಕೊನೆಯ ಚರಣಕ್ಕೆ ಮೊದಲೇ ನಿಲ್ಲಿಸಿ ಆರ್ಗನ್ನಿನ ಮುಚ್ಚಳ ಹಾಕಿದಳು. ಅಮ್ಮ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದದ್ದು ಆ ಕೊನೆಯ ಚರಣವನ್ನೇ. ಮರುವಾರ ಗಾಯಕರ ಅಭ್ಯಾಸದಲ್ಲಿ ಎಲ್ಲರೆದುರು ಕೇಳಿದೆ: "ಅಮ್ಮನ್ನ ಕಳಿಸೋಕೆ ಅಷ್ಟು ಅವಸರ ಇತ್ತಾ ನಿನಗೆ?" ಅಕ್ಕ ನನ್ನತ್ತ ತಿರುಗಿದಳು. ಉತ್ತರಕ್ಕೆ ಬಾಯಿ ತೆರೆದಳು. ಆಗ ನೀವು ನಮ್ಮಿಬ್ಬರ ನಡುವೆ ಬಂದು ನಿಂತು, ದೇವರ ಮನೆಯಲ್ಲಿ ಇದೆಲ್ಲ ಬೇಡ ಎಂದಿರಿ. ಜಗಳ ದೇವರ ಮನೆಯಲ್ಲಿ ಬೇಡವಾದರೆ ರಾಜಿ ಯಾರ ಮನೆಯಲ್ಲಿ ಆಗಬೇಕಿತ್ತು? ಆ ವಾರದಿಂದಲೇ ಅಕ್ಕ ಮೊದಲ ಆರಾಧನೆಗೆ ಮಾತ್ರ ನುಡಿಸುವವಳು, ನಾನು ಎರಡನೆಯದಕ್ಕೆ ಮಾತ್ರ ಬರುವವಳು ಎಂದು ಗೊತ್ತುಮಾಡಿದಿರಿ. ಅಕ್ಕನ ಮನೆಗೂ ಹೋಗಿದ್ದೆ. ಭಾವ ಬಾಗಿಲಲ್ಲೇ ತಡೆದು, "ಸ್ವಲ್ಪ ದಿನ ದೂರ ಇರಿ ಅಂತ ಅಯ್ಯನೋರೇ ಹೇಳಿದ್ದಾರಲ್ಲಮ್ಮ" ಎಂದರು.

ಕಳೆದ ತಿಂಗಳು ನಿಮ್ಮಲ್ಲಿಗೇ ಬಂದು, ನಮ್ಮಿಬ್ಬರನ್ನು ಎದುರುಬದುರು ಕೂರಿಸಿ ಎಂದು ಬೇಡಿದೆ. "ಈಗ ತಣ್ಣಗಿದೆ, ಕೆದಕಬೇಡಿ" ಎಂದಿರಿ. ಬೂದಿ ಮುಚ್ಚಿದ ಕೆಂಡವೂ ನೋಡುವವರಿಗೆ ತಣ್ಣಗೇ ಇರುತ್ತದೆ.

ಇವತ್ತು ನೀವು ಮಾಡಿದ ಪ್ರಸಂಗ ಕ್ಷಮೆಯ ಬಗ್ಗೆ. ಸೊಗಸಾಗಿತ್ತು. ಆಮೇಲೆ, ಪಕ್ಕದವರ ಕೈ ಹಿಡಿದು ಸಮಾಧಾನ ಕೋರಿ ಎಂದಿರಿ. ನಾನು ದರ್ಜಿ ಮಾಮನ ಕೈ ಹಿಡಿದೆ. ಹುಟ್ಟಿದಾಗಿನಿಂದ ಅವರೊಂದಿಗೆ ಒಂದು ಒರಟು ಮಾತೂ ಆಡಿದವಳಲ್ಲ. ಜಗಳವೇ ಆಡದವರ ಕೈ ಕುಲುಕುವುದಕ್ಕೆ ಕ್ರಿಸ್ತನ ಅಗತ್ಯವಿದೆಯೇ, ಸಭಾಪಾಲಕರೇ?

ನಾನು ಕೇಳುತ್ತಿರುವುದು ಕ್ಷಮೆಯನ್ನಲ್ಲ. ಅಕ್ಕನ ಉತ್ತರವನ್ನು. ಅದು ನನ್ನ ಮುಖಕ್ಕೆ ಹೊಡೆದಂತಿರಬಹುದು, ಇರಲಿ. ನಮ್ಮ ಜಗಳವನ್ನು ನಮಗೆ ಹಿಂದಿರುಗಿಸಿ. ಎರಡನೇ ಸ್ಮರಣೆಯನ್ನು ರದ್ದುಮಾಡಿ.

ಮಾಡದಿದ್ದರೂ ಚಿಂತೆಯಿಲ್ಲ. ಮುಂದಿನ ಭಾನುವಾರ ಮೊದಲ ಆರಾಧನೆಗೆ ಬರುತ್ತೇನೆ, ಆರ್ಗನ್ನಿನ ಪಕ್ಕದ ಬೆಂಚಿನಲ್ಲಿ ಕೂರುತ್ತೇನೆ. ಸಮಾಧಾನ ಕೋರಿ ಎಂದು ನೀವು ಹೇಳಿದಾಗ ಕೈ ಚಾಚುತ್ತೇನೆ. ಅಮ್ಮನ ಕೀರ್ತನೆಯ ಕೊನೆಯ ಚರಣಕ್ಕೆ ಎದ್ದು ನಿಲ್ಲುತ್ತೇನೆ. ನುಡಿಸುವುದು, ಬಿಡುವುದು ಅಕ್ಕನಿಗೆ ಬಿಟ್ಟದ್ದು.

ಇಂತಿ,
ಇನ್ನೊಂದು ವಾರದ ಮಟ್ಟಿಗೆ ಎರಡನೇ ಆರಾಧನೆಯವಳು,
ಆರ್ಗನ್ ನುಡಿಸುವವಳ ತಂಗಿ