ಆಕಾಶದಲ್ಲಿ ಹೆಚ್ಚಿಗೆ ನಿಂತ ಒಂದು ಗಂಟೆ

ಗುರುವಾರ, ೧೪ ನವೆಂಬರ್
ಮಧ್ಯಾಹ್ನ, ನನ್ನ ಕೋಣೆಯಿಂದ

ಮುದ್ದು ಟೆಗನ್,

ನಿಮ್ಮ ನೆಲೆಯ ಪಾದ್ರಿ ಅಹರ್ನ್ ಈ ಕವರನ್ನು ಕೈಗೆ ಕೊಟ್ಟ ಕೂಡಲೇ ನಿನಗೆ ಅನುಮಾನ ಬಂದಿರುತ್ತದೆ. ಇ-ಮೇಲ್‌ನಲ್ಲಿ ನಾಲ್ಕು ಸಾಲು ಬರೆಯಲೂ ಜಿಪುಣತನ ಮಾಡುವ ಅಮ್ಮ ಇಷ್ಟೊಂದು ಹಾಳೆ ತುಂಬಿಸಿದ್ದಾಳೆ ಎಂದರೆ ಅಜ್ಜಿಗೇ ಏನೋ ಆಗಿದೆ ಎಂದುಕೊಂಡಿರುತ್ತೀಯ. ಅಜ್ಜಿ ಗಟ್ಟಿಯಾಗಿದ್ದಾಳೆ. ಕಳೆದ ಶನಿವಾರವೂ ನಮ್ಮೂರು ಇಪ್ಸ್‌ವಿಚ್‌ನ ಬೌಲ್ಸ್ ಕ್ಲಬ್ಬಿನಲ್ಲಿ ಚೆಂಡು ಉರುಳಿಸಿ ಯಾರನ್ನೋ ಸೋಲಿಸಿ, ಸೋತವರ ಕೈಯಿಂದಲೇ ಬಿಯರ್ ಕೊಡಿಸಿಕೊಂಡು ಕುಡಿದಳಂತೆ. ವಿಷಯ ಬೇರೆ. ಇದರಲ್ಲೇನಿದೆ ಎಂದು ಪಾದ್ರಿಗೆ ಗೊತ್ತಿಲ್ಲ. ನೀನು ಓದಿ ಮುಗಿಸುವ ತನಕ ಹತ್ತಿರದಲ್ಲೇ ಎಲ್ಲಾದರೂ ಕೂತಿರಿ ಎಂದಷ್ಟೇ ಕೇಳಿಕೊಂಡಿದ್ದೇನೆ. ಅವರು ತಮಾಷೆ ಶುರು ಮಾಡಿದರೆ ಸುಮ್ಮನಿರಲು ಹೇಳು, ಎಬ್ಬಿಸಿ ಮಾತ್ರ ಕಳಿಸಬೇಡ.

ಭಾನುವಾರ ನೀನು ಕಳಿಸಿದ್ದನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. "ಅಮ್ಮ, ಮಂಗಳವಾರ ನಮ್ಮ ಫೈಟರ್‌ಗಳು ಬಾಂಬ್ ಹಾಕ್ದೇನೇ ವಾಪಸ್ ಬಂದ್ವಂತೆ, ಕೆಂಪು ಕಾರ್ಡ್ ತೋರ್ಸಿದ್ದು ನೀನೇ ಅಂತ ಇಲ್ಲಿ ಎಲ್ರೂ ಮಾತಾಡ್ಕೊಳ್ತಿದಾರೆ. ನಂಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಅಜ್ಜಿಗೂ ಹೇಳ್ಬಿಟ್ಟೆ. ನಮ್ಮನೇಲಿ ಯಾರೂ ಯಾರನ್ನೂ ಸಾಯಿಸಲ್ಲ ಕಣಮ್ಮ. ನೀನು ಬೇಡ ಅಂತೀಯ, ನಾನು ಬರೀ ವಿಮಾನಗಳಿಗೆ ಇಂಧನ ಕೊಡ್ತೀನಿ." ಹೀಗೆ ಬರೆದಿದ್ದೆ. ಟೆಗನ್, ನನ್ನ ಮಗಳು ನನ್ನ ಬಗ್ಗೆ ಹೆಮ್ಮೆಯಿಂದ ಬರೆದ ಮೊದಲ ಕಾಗದ ಅದು. ಅದನ್ನು ಹಾಗೇ ಇಟ್ಟುಕೊಳ್ಳುವ ಆಸೆ ನನಗಿರಲಿಲ್ಲವೇ? ಇತ್ತು. ಇನ್ನೂ ಇದೆ. ಆದರೆ ಇಟ್ಟುಕೊಳ್ಳಲಾಗುವುದಿಲ್ಲ.

ಬಾಂಬ್ ಬೀಳಬೇಕಿದ್ದ ಊರಿನ ಹೆಸರು, ನಮ್ಮ ಜೊತೆಗಿರುವ ಇನ್ನೊಂದು ದೇಶದ ಹೆಸರು ಇಲ್ಲಿ ಬರೆಯುವುದಿಲ್ಲ. ವಾಯುಪಡೆಯ ವಕೀಲೆ ನಾನು, ಎಲ್ಲಿಯ ತನಕ ಬರೆಯಬಹುದು ಎಂಬ ಗೆರೆ ನನಗೆ ಗೊತ್ತು. ಇವತ್ತು ಆ ಗೆರೆಯ ಮೇಲೆ ಒಂದು ಕಾಲಿಟ್ಟೇ ಕೂತಿದ್ದೇನೆ.

ನಿಮ್ಮ ಹುಡುಗರು ಕೆಂಪು ಕಾರ್ಡ್ ಎಂದರೆ ಫುಟ್‌ಬಾಲ್ ರೆಫರಿಯ ಹಾಗೆ ಜೇಬಿನಿಂದ ತೆಗೆದು ಎತ್ತಿ ಹಿಡಿಯುತ್ತೇನೆ ಎಂದುಕೊಂಡಿದ್ದಾರೆ ಎಂದಿದ್ದೆಯಲ್ಲ. ಕಾರ್ಡೂ ಇಲ್ಲ, ಜೇಬೂ ಇಲ್ಲ. ಒಂದು ದೊಡ್ಡ ಕೋಣೆ, ಗೋಡೆಯ ತುಂಬ ಪರದೆ, ನಮ್ಮ ಕಡೆ ಯುದ್ಧಕ್ಕೆ ಬಂದ ಒಂದೊಂದು ದೇಶಕ್ಕೂ ಒಂದೊಂದು ಕುರ್ಚಿ. ನಮ್ಮ ವಿಮಾನಕ್ಕೆ ಒಂದು ಗುರಿ ಒಪ್ಪಿಸಿದಾಗ ಅದು ನಮ್ಮ ದೇಶದ ಕಾನೂನಿಗೆ ಒಗ್ಗದಿದ್ದರೆ ನಮ್ಮ ಕುರ್ಚಿಯಲ್ಲಿ ಕೂತವರು "ಆಸ್ಟ್ರೇಲಿಯಾ ಒಪ್ಪಲ್ಲ" ಎನ್ನಬೇಕು. ಅಷ್ಟೇ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದೇ ಇಲ್ಲಿಯ ಮರ್ಯಾದೆ. ನೆಂಟರ ಮನೆಯಲ್ಲಿ ಯಾರೋ ತಟ್ಟೆಯಲ್ಲಿ ಮಾಂಸ ಬಿಟ್ಟರೆ ಕೇಳದೆ ತಟ್ಟೆ ಎತ್ತಿಡುವುದಿಲ್ಲವೇ, ಹಾಗೆ.

ಆ ಮಂಗಳವಾರದ ಗುರಿ ಎರಡಂತಸ್ತಿನ ಒಂದು ಮನೆ. ಕೆಳಗಿನ ಕೋಣೆಯಲ್ಲಿ ಶತ್ರುಗಳ ರಾಕೆಟ್ ಇದೆ ಎಂಬ ಸುದ್ದಿ ಗಟ್ಟಿಯಾಗಿತ್ತು. ನಾನೂ ಅದನ್ನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಪರದೆಯ ಮೇಲೆ ತಾರಸಿ ಕಾಣುತ್ತಿತ್ತು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು. ಅಷ್ಟು ಎತ್ತರದಿಂದಲೂ ಕೆಲವು ತೀರ ಚಿಕ್ಕವು ಎಂದು ಗೊತ್ತಾಗುತ್ತಿತ್ತು. ಹಿತ್ತಲಿನ ಒಲೆಯ ಹತ್ತಿರ ಹೆಂಗಸೊಬ್ಬಳು ಹಿಟ್ಟಿನ ತಟ್ಟೆ ಹೊತ್ತು ಬಂದು ಹೋಗುತ್ತಿದ್ದಳು. ಇಷ್ಟು ಜನರ ಜೀವಕ್ಕೆ ಅಪಾಯವಿದ್ದರೆ ಬೇಡ ಎಂದು ನಮ್ಮ ನಿಯಮ ಹೇಳುತ್ತದೆ. ನಿಯಮ ಹೇಳದಿದ್ದರೂ ನಾನು ಬೇಡವೆನ್ನುತ್ತಿದ್ದೆ ಎಂದುಕೊಂಡಿದ್ದೇನೆ. ಹೇಳಿದೆ. ನಮ್ಮ ಎರಡು ಫೈಟರ್‌ಗಳೂ ತಿರುಗಿದವು.

ನಿಮಗೆಲ್ಲ ಗೊತ್ತಿರುವುದು ಇಲ್ಲಿಯವರೆಗೆ. ಮುಂದಿನದು ಗೊತ್ತಿಲ್ಲ.

ನನ್ನ ಪಕ್ಕದ ಕುರ್ಚಿಯಲ್ಲಿ ಆ ಇನ್ನೊಂದು ದೇಶದ ಕರ್ನಲ್ ಕೂರುತ್ತಾರೆ. ತಲೆಯಲ್ಲಿ ಒಂದೂ ಕೂದಲಿಲ್ಲ, ಆದ್ದರಿಂದ ತಮಾಷೆಗೆ ನಮ್ಮವರ ಬಾಯಲ್ಲಿ ಅವರು ಗುಂಗುರು ಕೂದಲಿನ 'ಗುಂಗುರು'. ಕೆಟ್ಟ ಮನುಷ್ಯನಲ್ಲ. ಮಗಳ ಫೋಟೋ ತೋರಿಸಿ, ಹಲ್ಲಿಗೆ ತಂತಿ ಹಾಕಿಸಿದ್ದನ್ನು ಇಡೀ ಕೋಣೆಗೆ ವರದಿ ಮಾಡಿದವರು. ಅವರ ದೇಶದ ನಿಯಮ ನಮ್ಮದಕ್ಕಿಂತ ಸಡಿಲ. ಅದೇ ಮನೆ, ಅದೇ ತಾರಸಿ, ಅದೇ ಹೆಂಗಸು, ಅವರ ಕಾನೂನಿನಲ್ಲಿ ಸರಿ. ನಾವೆಲ್ಲ ಒಂದೇ ಒಪ್ಪಂದಗಳಿಗೆ ಸಹಿ ಮಾಡಿದವರು, ಓದುವುದು ಮಾತ್ರ ಅವರವರ ಕನ್ನಡಕದಲ್ಲಿ. ಕಾನೂನು ಕಾಲೇಜಿನಲ್ಲಿ ಇದನ್ನು ಒಂದು ಸೊಗಸಾದ ಪ್ರಶ್ನೆಯಾಗಿ ಕಲಿಸುತ್ತಾರೆ. ನಾನೂ ಕಲಿಸಿದ್ದೇನೆ, ನಾಚಿಕೆಯಾಗುತ್ತದೆ.

ಅವರ ವಿಮಾನ ದೂರವಿತ್ತು, ಇಂಧನ ಮುಗಿಯುತ್ತ ಬಂದಿತ್ತು. ಹತ್ತಿರದಲ್ಲಿದ್ದ, ಹಾರುತ್ತಲೇ ಇಂಧನ ತುಂಬಿಸುವ ಟ್ಯಾಂಕರ್ ಒಂದೇ, ಅದು ನಮ್ಮದು, ಆಗಲೇ ಮನೆ ಕಡೆ ಹೊರಡುವ ಹೊತ್ತಾಗಿತ್ತು. ಇನ್ನೊಂದು ಗಂಟೆ ಅಲ್ಲೇ ಸುತ್ತುತ್ತಿರಬೇಕು ಎಂದು ಅದಕ್ಕೆ ಆದೇಶ ಹೋಯಿತು. ಅವರ ವಿಮಾನ ಬಂತು, ತುಂಬಿಸಿಕೊಂಡಿತು, ಹೋಯಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಆ ಮನೆ ಇರಲಿಲ್ಲ.

ಈಗ ನಿನಗೆ ಅರ್ಥವಾಗಿದೆ. ಆ ಭಾನುವಾರದ ಕಾಗದದ ಕೊನೆಯಲ್ಲಿ ನೀನೇ ನಗುನಗುತ್ತ ಬರೆದಿದ್ದೆ, ಅವತ್ತು ಒಂದು ಗಂಟೆ ಜಾಸ್ತಿ ಮೇಲೆಯೇ ಇದ್ದೆವು, ಊಟ ತಣ್ಣಗಾಯಿತು, ಕೊನೆಗೆ ಬಂದ ಪೈಲಟ್ ರೇಡಿಯೋದಲ್ಲಿ "ಹೊಟ್ಟೆ ತುಂಬ್ತು ಅಕ್ಕಾ, ಬಿಲ್ ಕಳ್ಸು" ಅಂದ ಎಂದು. ಅವನೇ, ಮಗೂ. ಇಂಧನದ ಕೊಳವೆ ಹಿಡಿದು ಅವನ ವಿಮಾನಕ್ಕೆ ತಗುಲಿಸಿದ್ದು ನಿನ್ನ ಕೈ.

ಇಲ್ಲಿ ಸ್ವಲ್ಪ ನಿಲ್ಲು. ನೀರು ಕುಡಿ. ಪಾದ್ರಿ ಅಲ್ಲೇ ಇದ್ದಾರೆ ತಾನೆ?

ನೀನು ಮೊದಲು ಕೇಳುವುದು ಎಷ್ಟು ಜನ ಎಂದು. ಪತ್ರಿಕೆಗಳು ಒಂದೊಂದೂ ಒಂದೊಂದು ಲೆಕ್ಕ ಹೇಳುತ್ತಿವೆ. ಮಕ್ಕಳಿದ್ದರು, ಅದು ಖಚಿತ. ಕೆಳಗೆ ರಾಕೆಟ್‌ಗಳೂ ಇದ್ದವು, ಅದೂ ಖಚಿತ. ಎರಡನೆಯದರಿಂದ ನಿನಗೆ ಸಮಾಧಾನ ಸಿಗುವುದಿಲ್ಲ, ನನಗೂ ಸಿಕ್ಕಿಲ್ಲ.

ಇದನ್ನು ನಾನು ನಿನಗೆ ಹೇಳದೇ ಇರಬಹುದಿತ್ತು. ನಿನ್ನೆ ಬೆಳಿಗ್ಗೆಯ ತನಕ ಹೇಳುವ ಯೋಚನೆಯೂ ಇರಲಿಲ್ಲ. ಬೆಳಿಗ್ಗೆ ನಮ್ಮ ಮೇಲಧಿಕಾರಿ, ಏರ್ ಕಮೋಡೋರ್ ಹಾಲರನ್, ತಾವೇ ಚಹಾ ಮಾಡಿಕೊಂಡು ನನ್ನ ಮೇಜಿಗೆ ಬಂದರು. ಅವರು ಚಹಾ ತಂದರೆ ಏನೋ ಬೇಕಾಗಿದೆ ಎಂದೇ ಅರ್ಥ. ಪತ್ರಿಕೆಯವರು ಕೇಳುತ್ತಿದ್ದಾರೆ, ಕ್ಯಾನ್‌ಬೆರಾದಿಂದ ಒಂದು ವಾಕ್ಯ ಹೊರಡಬೇಕು: 'ಈ ದಾಳಿಯಲ್ಲಿ ಆಸ್ಟ್ರೇಲಿಯಾದ ಯಾವ ವಿಮಾನವೂ ಭಾಗವಹಿಸಿಲ್ಲ.' ಕಾನೂನಿನ ದೃಷ್ಟಿಯಲ್ಲಿ ಇದು ಸರಿ ಎಂದು ನಾನು ಸಹಿ ಹಾಕಬೇಕು.

"ಇಂಧನ ನಮ್ಮದೇ ಅಲ್ವಾ ಸರ್?" ಅಂದೆ.

"ನೋಡು ಮೆರಿನ್, ಪೆಟ್ರೋಲ್ ಬಂಕ್‌ನೋನು ಗಾಡಿಗೆ ಪೆಟ್ರೋಲ್ ಹಾಕ್ತಾನೆ. ಆ ಗಾಡಿಯೋನು ಹೋಗಿ ಬ್ಯಾಂಕ್ ದರೋಡೆ ಮಾಡಿದ್ರೆ ಬಂಕ್‌ನೋನ್ನ ಒಳಗೆ ಹಾಕ್ತಾರಾ?"

"ದರೋಡೆಗೇ ಹೋಗ್ತಿದಾನೆ ಅಂತ ಗೊತ್ತಿದ್ದೂ ಹಾಕಿದ್ರೆ, ಹಾಕ್ತಾರೆ ಸರ್."

ಅವರು ಚಹಾದ ಲೋಟ ನನ್ನ ಕಡೆ ಸರಿಸಿದರು. ಆಮೇಲೆ ಮೆಲ್ಲಗೆ, ಬೆದರಿಸುವ ಹಾಗಲ್ಲ, ನಿಜವಾಗಿಯೂ ಕರುಣೆಯಿಂದಲೇ ಹೇಳಿದರು. "ಆ ಟ್ಯಾಂಕರ್‌ನಲ್ಲಿ ಯಾರಿದ್ರು ಅಂತ ನಂಗೂ ಗೊತ್ತು ಕಣಮ್ಮ. ನೀನು ಸಹಿ ಹಾಕಿಲ್ಲಾಂದ್ರೆ ತನಿಖೆ ಆಗುತ್ತೆ, ಆ ಹುಡುಗ್ರನ್ನೆಲ್ಲ ಕರೀತಾರೆ. ಅವಳಿಗೆ ಗೊತ್ತಾಗುತ್ತೆ. ಹಾಕಿದ್ರೆ ಅವಳಿಗೆ ಜೀವಮಾನದಲ್ಲಿ ಗೊತ್ತಾಗಲ್ಲ. ನಾಳೆ ಸಂಜೆ ತನಕ ಟೈಮಿದೆ, ಯೋಚ್ನೆ ಮಾಡು."

ಯೋಚಿಸಿದೆ. ಸಹಿ ಹಾಕುವ ಎಂದೇ ಪೆನ್ನು ತೆಗೆದಿದ್ದೆ, ನಿನ್ನಾಣೆ. ಕೆಟ್ಟ ವಾಕ್ಯವೇನಲ್ಲ ಅದು. ಬಾಂಬ್ ಹಾಕಿದ್ದು ನಾವಲ್ಲ. 'ಭಾಗವಹಿಸುವುದು' ಎಂದರೆ ಇಂತಿಷ್ಟೇ ಎಂದು ಎರಡು ಪುಟ ವಾದ ಬರೆಯಬಲ್ಲೆ, ನಮ್ಮ ದೇಶದ ಅರ್ಧ ವಕೀಲರು ತಲೆದೂಗುತ್ತಾರೆ. ನೀನು ಕೆಲಸ ಮುಗಿಸಿ ಇಪ್ಸ್‌ವಿಚ್‌ಗೆ ಹೋಗಿ, ಯಾರನ್ನೋ ಮೆಚ್ಚಿ, ಮಕ್ಕಳನ್ನು ಹೆತ್ತು, ಅಮ್ಮ ಒಂದು ಸಲ ಬಾಂಬ್ ತಡೆದಿದ್ದಳು ಎಂದು ಅವರಿಗೆ ಕಥೆ ಹೇಳುತ್ತಿದ್ದೆ. ಆ ಕಥೆಯನ್ನು ಪ್ರತಿ ಕ್ರಿಸ್‌ಮಸ್‌ಗೂ ಬಾಯಿ ಮುಚ್ಚಿಕೊಂಡು ಕೇಳುತ್ತ ಕೂರುವವಳು ನಾನು. ನನ್ನಿಂದಾಗದು.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಆ ಮನೆಯವರು ಎಂದಾದರೂ ಬಂದು ಯಾರು ಮಾಡಿದ್ದು ಎಂದು ಕೇಳಿದರೆ, ಗುಂಗುರುವಿನ ದೇಶ 'ನಮ್ಮೆಲ್ಲರ ಒಕ್ಕೂಟ ಮಾಡಿದ್ದು' ಎನ್ನುತ್ತದೆ, ಒಕ್ಕೂಟ 'ಒಂದೊಂದು ದೇಶವನ್ನೂ ಬೇರೆ ಬೇರೆ ಕೇಳಿ' ಎನ್ನುತ್ತದೆ, ನಾವು ಆ ವಾಕ್ಯ ತೋರಿಸುತ್ತೇವೆ. ಇಷ್ಟು ದೇಶಗಳು ಸೇರಿ ಒಂದು ಮನೆ ಕೆಡವಿ, ಕೆಡವಿದವರು ಯಾರೂ ಇಲ್ಲ ಎಂದಾಗಿಬಿಡುತ್ತದೆ. ಅದಕ್ಕೆ ನನ್ನ ಸಹಿ ಬೇಡ.

ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ತಪ್ಪು ಮಾಡಿಲ್ಲ. ಅಮ್ಮನಾಗಿ ಹೇಳುವ ಮೊದಲು ವಕೀಲೆಯಾಗಿ ಹೇಳುತ್ತಿದ್ದೇನೆ. ಇಂಧನ ಕೊಡುವವರಿಗೆ ವಿಮಾನ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ, ನಿನಗೂ ಹೇಳಿರಲಿಲ್ಲ. ಗೊತ್ತಿಲ್ಲದವಳ ಮೇಲೆ ಯಾವ ನ್ಯಾಯಾಲಯವೂ ಕೈ ಮಾಡುವುದಿಲ್ಲ. ನಿನ್ನ ಮನಸ್ಸಿನ ನ್ಯಾಯಾಲಯದ ಬಗ್ಗೆ ನಾನು ಭರವಸೆ ಕೊಡಲಾರೆ, ಅಲ್ಲಿ ನನಗೆ ವಕಾಲತ್ತು ಇಲ್ಲ. ಬೈಯಬೇಕೆನಿಸಿದರೆ ನನ್ನನ್ನೇ ಬೈ. ಫೈಟರ್‌ಗೆ ಹೋಗುತ್ತೇನೆ ಎಂದು ನೀನು ಹಟ ಹಿಡಿದಿದ್ದಾಗ ಅಜ್ಜಿಯ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಟ್ಯಾಂಕರ್‌ಗೆ ಹೋಗು, ಅಲ್ಲಿ ಯಾರ ರಕ್ತವೂ ಕೈಗೆ ಹತ್ತುವುದಿಲ್ಲ ಎಂದು ತಲೆ ತುಂಬಿಸಿದವಳು ನಾನು. ಯುದ್ಧದಲ್ಲಿ ಅಂಥ ಒಂದು ಮೂಲೆ ಇದೆ ಎಂದು ಅವತ್ತು ನಾನು ನಂಬಿದ್ದೆ.

ಸಂಜೆ ಹಾಲರನ್‌ಗೆ ಇಲ್ಲ ಎಂದು ಹೇಳುತ್ತೇನೆ. ನನ್ನನ್ನು ಊರಿಗೆ ಕಳಿಸುತ್ತಾರೆ, ಬಹುಶಃ ಈ ಸಮವಸ್ತ್ರವೂ ಹೋಗುತ್ತದೆ. ಹೋಗಲಿ. ನಿನ್ನನ್ನು ಕರೆದು ಕೇಳಿದಾಗ ನಡೆದದ್ದನ್ನು ನಡೆದ ಹಾಗೆ ಹೇಳು. ಅಜ್ಜಿಗೆ ನಾನೇ ಹೇಳುತ್ತೇನೆ, ಆ ಕೆಲಸ ನಿನಗೆ ಬೇಡ. ನನ್ನ ಜೊತೆ ಮಾತಾಡಬೇಕೆನಿಸುವ ತನಕ ಮಾತಾಡಬೇಡ, ನಾನು ಕಾಯುತ್ತೇನೆ. ನನಗೆ ಭಯವಾಗುತ್ತಿದೆ, ಟೆಗನ್. ಕೆಲಸ ಹೋಗುತ್ತದೆ ಎಂದಲ್ಲ, ನೀನು ದೂರ ಹೋಗುತ್ತೀಯ ಎಂದು.

ನಿನ್ನನ್ನು ನೀನು ಅಂದುಕೊಂಡದ್ದಕ್ಕಿಂತ ಹೆಚ್ಚು ಪ್ರೀತಿಸುವ,
ಅಮ್ಮ
(ಮೆರಿನ್)

ತಾ.ಕ.: ಕವರು ಅಂಟಿಸಿ ಮತ್ತೆ ಹರಿದೆ. ಮೇಲೆ 'ಆದೇಶ ಹೋಯಿತು' ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೇನೆ. ನೀವು ಇನ್ನೊಂದು ಗಂಟೆ ನಿಲ್ಲಬೇಕು ಎಂದದ್ದು ನಾನು. ಯಾರೂ ಕೇಳಿರಲಿಲ್ಲ. ನಾನು ಒಪ್ಪುವುದಿಲ್ಲ ಎಂದ ಮೇಲೆ ಕೋಣೆಯಲ್ಲಿ ಎಲ್ಲರ ಮುಖ ಬಿಗಿದುಕೊಂಡಿತ್ತು, ಗುಂಗುರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಒಂದು ದೇಶ ಒಂದು ಕೈಯಲ್ಲಿ ಇಲ್ಲ ಎಂದರೆ ಇನ್ನೊಂದು ಕೈಯಲ್ಲಿ ಏನಾದರೂ ಕೊಟ್ಟು ಸ್ನೇಹ ಉಳಿಸಿಕೊಳ್ಳುವುದು ಇಲ್ಲಿಯ ರೂಢಿ. "ಬೇಕಾದ್ರೆ ನಮ್ಮ ಟ್ಯಾಂಕರ್ ಇನ್ನೊಂದು ಗಂಟೆ ಇರುತ್ತೆ" ಅಂದೆ. ಅವರ ವಿಮಾನ ಯಾವ ಮನೆಗೆ ಹೋಗುತ್ತದೆ ಎಂದು ಗೊತ್ತಿತ್ತು. ಮೇಲೆ ಇರುವುದು ನಿಮ್ಮ ವಿಮಾನ ಎಂದೂ ಗೊತ್ತಿತ್ತು. ಇದನ್ನೂ ಹಾಲರನ್‌ಗೆ ಬರೆದು ಕೊಡುತ್ತೇನೆ. ಆದರೂ ತನಿಖೆಯವರು ಯಾರ ಆದೇಶ ಎಂದು ನಿನ್ನನ್ನು ಕೇಳಿದರೆ, ಅಮ್ಮನಲ್ಲವೇ ಎಂದು ತಡವರಿಸಬೇಡ. ಈ ಹಾಳೆ ಕೊಟ್ಟು, ನನ್ನ ಹೆಸರು ಹೇಳು.