ಮೂರನೇ ಸಲದ ಬದನೆ ಸಸಿ

ರೀ,

ಬದನೆ ಸಸಿಯ ಟ್ರೇ ಕಿಟಕಿ ಹತ್ತಿರ ಬಿಸಿಲಿಗಿಟ್ಟಿದ್ದೀನಿ, ಅಲ್ಲೇ ಇರಲಿ. ಒಳಗೆ ಮಣ್ಣು ತರಬೇಡಿ ಅನ್ನೋ ಮನೆ ಓನರ್ ಬಂದಾಗಲೆಲ್ಲ ನೀವು ಅದನ್ನ ಮಂಚದ ಕೆಳಗೆ ತಳ್ಳಿ ಅಲ್ಲೇ ಬಿಟ್ಟಿರಿ. ಬೆಳಕಿಲ್ಲದೆ ಸಸಿಗಳು ದಾರದ ಹಾಗೆ ಸಪೂರವಾಗಿ ಎದ್ದು, ಎರಡು ಸಲವೂ ನೆಲಕ್ಕೊರಗಿ ಸತ್ತವು. ಇದು ಮೂರನೇ ಸಲ ಬಿತ್ತಿರೋದು.

ಮಧ್ಯಾಹ್ನ ನೀರು ಚಿಮುಕಿಸಿ, ಸುರಿಯಬೇಡಿ.

ಓನರ್ ಇವತ್ತು ಬರ್ತಾರಂತೆ, ಬರಲಿ. ಟ್ರೇ ಎತ್ತಿ ಎಸೆದರೆ ಎಸೆಯಲಿ. ಬೂದಿ ಬೆರೆಸಿಟ್ಟ ಬೀಜ ಇನ್ನೂ ಅರ್ಧ ಬಾಟಲಿ ಇದೆ, ನಾಲ್ಕನೇ ಸಲ ಬಿತ್ತುತ್ತೀನಿ. ಅದರ ಮುಚ್ಚಳ ಮಾತ್ರ ತೆಗೆಯಬೇಡಿ, ತೇವ ತಗುಲಿದರೆ ಕೆಡುತ್ತೆ.

ಹೋದ ಸಲ ಅವರು ನೆಲದ ಮೇಲೆ ಮಣ್ಣು ನೋಡಿ ಯಾರ ಕೆಲಸ ಇದು ಅಂದಾಗ, ನೀವು ನನ್ನ ಕಡೆ ಬೆರಳು ತೋರಿಸಿದಿರಿ. ಇವತ್ತು ಕೇಳಿದರೆ ಇಬ್ಬರದೂ ಅನ್ನಿ. ಹಾಗನ್ನೋಕೆ ಬಾಯಿ ಬರಲಿಲ್ಲ ಅಂದರೆ, ನಾನು ಕೆಲಸ ಮುಗಿಸಿ ಬರೋವರೆಗೆ ಅವರನ್ನ ಕೂರಿಸಿಕೊಂಡಿರಿ.